ಅರ್ಥ ಹೇಳುವವರು

ನನ್ನ ಅವ್ವನ ನಾಲಗೆಗೆ ಮೂರು ಹೊಲಿಗೆ ಬಿದ್ದವು. 2013ರ ಫೆಬ್ರುವರಿ. ಅಥಣಿಯ ಒಂದು ದವಾಖಾನೆ. ಹೊಲಿಗೆ ಹಾಕಿದ ಡಾಕ್ಟರು ಕೈ ತೊಳೆಯುತ್ತ ಕೇಳಿದರು: "ಬಿದ್ದು ಕಚ್ಚಿಕೊಂಡಾಳೇನು?" ಅವ್ವನ ಬಾಯಿ ತುಂಬ ಹತ್ತಿ ಇತ್ತು. ನಾನೇ ಹೇಳಿದೆ: "ಕಚ್ಚಿಕೊಂಡಿಲ್ರಿ. ಕತ್ತರಿಸ್ಯಾರ." ಡಾಕ್ಟರು ನಲ್ಲಿ ತಿರುಗಿಸಿ ನಿಲ್ಲಿಸಿದರು.

ಅವ್ವನ ಹೆಸರು ತುಳಸವ್ವ. ನಾನು ಉಜ್ವಲಾ. ಆಗ ನನಗೆ ಹತ್ತೊಂಬತ್ತು. ಪಿಯುಸಿ ಮುಗಿಸಿ ಮುಂದೆ ಹೋಗಲಾಗದೆ ಅವ್ವನ ಜೊತೆ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದೆ. ತೋಟದ ಮಾಲಕನ ಹೆಸರು ಬಾಬಾಸಾಹೇಬ. ನನ್ನ ಮಾಮಾನ ಮನೆಯ ಗೋಡೆಯ ಮೇಲೆ ನೀಲಿ ಕೋಟು ಹಾಕಿಕೊಂಡು ನಿಂತಿರುವ ಬಾಬಾಸಾಹೇಬರು ಬೇರೆ, ಇವನು ಬೇರೆ. ಇವನಿಗೆ ಹದಿನೆಂಟು ಎಕರೆ ದ್ರಾಕ್ಷಿ ಇತ್ತು. ಕಬ್ಬು ಇತ್ತು. ನಮ್ಮ ಓಣಿಯ ತಗಡಿನ ಮನೆಗಳು ನಿಂತಿದ್ದ ಜಾಗವೂ ಇವನದೇ.

ದ್ರಾಕ್ಷಿ ಕೆಲಸವೆಂದರೆ ಕೈ ಮೇಲೆತ್ತಿ ನಿಲ್ಲುವ ಕೆಲಸ. ಮುಂಜಾನೆ ಎಂಟರಿಂದ ಸಂಜೆ ಐದೂವರೆಯವರೆಗೆ ಬಳ್ಳಿಯ ಕೆಳಗೆ ಕತ್ತು ಹಿಂದಕ್ಕೆ ಚೆಲ್ಲಿ, ಕೈ ಮೇಲೆತ್ತಿ ನಿಲ್ಲಬೇಕು. ಗೊಂಚಲಿನ ಒತ್ತು ಕಾಳು ಬಿಡಿಸಬೇಕು. ಒಂದೊಂದೇ ಗೊಂಚಲನ್ನು ಔಷಧದ ನೀರಿನಲ್ಲಿ ಅದ್ದಬೇಕು. ಹಣ್ಣಾದ ಮೇಲೆ ಕತ್ತರಿಯಿಂದ ಕತ್ತರಿಸಿ ಕ್ರೇಟಿಗೆ ತುಂಬಬೇಕು. ಔಷಧದ ನೀರು ಮೊಣಕೈ ದಾಟಿ ಬಗಲಿಗೆ ಇಳಿಯುತ್ತದೆ. ಬಗಲು ಸುಲಿಯುತ್ತದೆ. ಅವ್ವನಿಗೆ ಊಟದ ಹೊತ್ತಿಗೆ ಕೈ ಕೆಳಗಿಳಿಸಲು ಬರುತ್ತಿರಲಿಲ್ಲ. ನಾನು ಹಿಡಿದು ಇಳಿಸುತ್ತಿದ್ದೆ.

ಸಂಜೆ ಗೇಟಿನಲ್ಲಿ ತಪಾಸಣೆ. ಕರೀ ದ್ರಾಕ್ಷಿ ತಿಂದರೆ ನಾಲಗೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಊರೊಳಗಿನ ಹೆಂಗಸರು ಬುತ್ತಿಯ ಚೀಲ ಕೊಡವಿ ತೋರಿಸಿ ಹೊರಟುಬಿಡುತ್ತಿದ್ದರು. ನಮ್ಮ ಓಣಿಯ ಹನ್ನೊಂದು ಮಂದಿ ಮಾತ್ರ ಸಾಲಾಗಿ ನಿಂತು ಬಾಯಿ ತೆರೆದು ನಾಲಗೆ ಹೊರಗೆ ಚಾಚಬೇಕು. ಮಾಲಕನ ಮಗ ವಿಕ್ರಾಂತ ಮೋಟರ್‌ಸೈಕಲ್ ಮೇಲೆ ಕೂತು ನೋಡುತ್ತಿದ್ದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುತ್ತಾರಲ್ಲ, ಹಾಗೆ. ಎರಡು ಹಂಗಾಮು ಹೀಗೇ ನಡೆಯಿತು. ನಾವು ನಾಲಗೆ ಚಾಚಿದೆವು. ಚಾಚಿ, ಮನೆಗೆ ಬಂದು, ರೊಟ್ಟಿ ತಿಂದೆವು. ಅದನ್ನು ಬಚ್ಚಿಡುವುದಿಲ್ಲ.

ಆ ದಿನ ಅವನು ಮೋಟರ್‌ಸೈಕಲ್‌ನಿಂದ ಇಳಿದ. ನನ್ನ ಮುಂದೆ ನಿಂತ.

"ಇನ್ನಷ್ಟ ತಗಿ."

ತೆರೆದೆ.

"ಇನ್ನೂ."

ಎರಡು ಬೆರಳು ನನ್ನ ಬಾಯೊಳಗೆ ಹಾಕಿದ. ಗುಟ್ಕಾ ನಾರುವ ಬೆರಳು. ನಾಲಗೆಯ ಬುಡದವರೆಗೆ ಒತ್ತಿದ. ನನಗೆ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು. ಅವನು ಬೆರಳು ತೆಗೆಯಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತ.

ನನ್ನ ಹಿಂದೆ ಅವ್ವ ಇದ್ದಳು. ಮುಂದೆ ಬಂದು ಅವನ ಮುಂಗೈ ಮೇಲೆ ಹೊಡೆದಳು.

"ಕೈ ತಗಿ."

ಅಷ್ಟೇ ಮಾತು. ಅವನು ಮೊದಲು ನಕ್ಕ. ಆಮೇಲೆ ನಮ್ಮ ಜಾತಿಯ ಹೆಸರು ಹಿಡಿದು, ಅದಕ್ಕೊಂದು ಬೈಗುಳ ಜೋಡಿಸಿ ಕರೆದ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಗೊತ್ತಿದೆ.

"ನಾಲಿಗಿ ಭಾಳ ಉದ್ದ ಆಗೇತಿ ನಿಂದು," ಎಂದ. ನನ್ನ ಬುಟ್ಟಿಯಲ್ಲಿದ್ದ ದ್ರಾಕ್ಷಿ ಕತ್ತರಿ ಎತ್ತಿಕೊಂಡ. ಕೊರಳಲ್ಲಿದ್ದ ಟವೆಲಿನಿಂದ ಅವ್ವನ ನಾಲಗೆ ಹಿಡಿದು ಎಳೆದ. ಹೆದರಿಸಲಷ್ಟೇ ಮಾಡಿದ್ದು ಎಂದು ಆಮೇಲೆ ವಕೀಲನ ಕೈಲಿ ಹೇಳಿಸಿದ. ಕತ್ತರಿಗೆ ಅದು ಗೊತ್ತಿರಲಿಲ್ಲ. ರಕ್ತ ಅವ್ವನ ಕುಪ್ಪಸದ ಮೇಲೆ, ಅವನ ಬಿಳಿ ಬೂಟಿನ ಮೇಲೆ ಸುರಿಯಿತು. ಅವನು ಬೂಟು ನೋಡಿಕೊಂಡ.

ಸಾಲಿನಲ್ಲಿ ಹಿಂದಿದ್ದ ಒಂಬತ್ತು ಮಂದಿ ನೋಡಿದರು. ಎಲ್ಲರಿಗಿಂತ ಹತ್ತಿರ ಇದ್ದವಳು ಸೋನಾಬಾಯಿ ಮೌಶಿ. ನಮ್ಮ ಪಕ್ಕದ ಮನೆಯವಳು, ಅವ್ವನಿಗಿಂತ ಹತ್ತು ವರ್ಷ ದೊಡ್ಡವಳು. ಅವಳ ಬಾಯಿ ತಪಾಸಣೆಗೆಂದು ಇನ್ನೂ ತೆರೆದೇ ಇತ್ತು.

ಇನ್ನೊಂದು ಸಂಗತಿ ಹೇಳಬೇಕು. ಅದಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ನನ್ನಪ್ಪ ಲಖನ ಕಬ್ಬಿನ ಟ್ರಾಲಿಯ ಕೆಳಗೆ ಸಿಕ್ಕು ಸತ್ತಾಗ ನನಗೆ ಏಳು ವರ್ಷ. ಅಂದಿನಿಂದ ಅವ್ವ ಮಾತು ಬಿಟ್ಟಳು. ಮೂಕಿಯಾಗಲಿಲ್ಲ. ಬೇಕಾದಷ್ಟೇ ಆಡುತ್ತಿದ್ದಳು. ಉಪ್ಪು, ನೀರು, ಮಲಗು, ಏಳು. 2009ರಲ್ಲಿ ಕಾಲುವೆ ದಂಡೆಯ ಮೇಲೆ, ಅದೂ ಬಾಬಾಸಾಹೇಬನದೇ ಜಾಗ, ಒಂದು ತಗಡಿನ ಶೆಡ್ಡಿನಲ್ಲಿ ಪ್ರಾರ್ಥನೆ ಶುರುವಾಯಿತು. ಪಾಸ್ಟರ್ ಮುರಗೆಪ್ಪ ರಾಯಬಾಗ ಕಡೆಯವರು. ಅವರೂ ನಮ್ಮ ಜನವೇ. ಒಂದು ಕಾಲದಲ್ಲಿ ಕಬ್ಬು ಕಡಿದವರು. ಸೋನಾಬಾಯಿ ಮೌಶಿ ಅವ್ವನನ್ನು ಕರೆದುಕೊಂಡು ಹೋದಳು. ಅಲ್ಲಿ ಎಲ್ಲರಿಗೂ ಚಾಪೆ ಒಂದೇ ಇತ್ತು, ಲೋಟ ಒಂದೇ ಇತ್ತು. ಅವ್ವನಿಗೆ ಅಷ್ಟು ಸಾಕಾಯಿತು.

ಆರನೆಯ ಭಾನುವಾರವೋ ಏಳನೆಯದೋ, ಎಲ್ಲರೂ ಹಾಡುತ್ತಿದ್ದಾಗ ಅವ್ವ ಮಾತಾಡತೊಡಗಿದಳು. ಕನ್ನಡವಲ್ಲ. ಮರಾಠಿಯಲ್ಲ. ಉರ್ದುವೂ ಅಲ್ಲ. ನಾಲಗೆ ಎಲ್ಲಿಯೂ ತಡೆಯದೆ, ಕಾಲುವೆಗೆ ನೀರು ಬಿಟ್ಟಂತೆ ಬಂತು. ಎಂಟು ವರ್ಷ ಒಳಗಿಟ್ಟಿದ್ದು. ನನಗೆ ಹೆದರಿಕೆಯಾಯಿತು. ಪಾಸ್ಟರ್ "ಸ್ತೋತ್ರ, ಸ್ತೋತ್ರ" ಎಂದರು. ಇದು ಅನ್ಯಭಾಷೆ, ಪವಿತ್ರಾತ್ಮನ ವರ ಎಂದರು.

ಆಮೇಲೆ ಮನೆಯಲ್ಲಿಯೂ, ನಸುಕಿನಲ್ಲಿ ರೊಟ್ಟಿ ಬಡಿಯುವಾಗ, ಅವ್ವ ಒಬ್ಬಳೇ ಆ ಭಾಷೆ ಆಡುತ್ತಿದ್ದಳು. ಒಮ್ಮೆ ಕೇಳಿದೆ: "ಏನ ಅಂತೀಯವ್ವಾ?"

"ನನಗೇನ ಗೊತ್ತು. ಎದಿ ಹಗರ ಆಕೈತಿ."

"ಯಾರ ಕೂಡ ಮಾತಾಡ್ತಿ?"

"ಕೇಳವರ ಕೂಡ."

ಆದರೆ ಶೆಡ್ಡಿನಲ್ಲಿ ಒಂದು ನಿಯಮ ಇತ್ತು. ಅನ್ಯಭಾಷೆ ಆಡಿದರೆ ಅದರ ಅರ್ಥವನ್ನು ಯಾರಾದರೂ ಸಭೆಗೆ ಹೇಳಬೇಕು. ಅರ್ಥ ಹೇಳುವ ವರ ಪಾಸ್ಟರರಿಗೆ ಮಾತ್ರ ಇತ್ತು. ಅವ್ವ ಆಡಿ ಮುಗಿಸಿ ಬೆವತು ಕೂತ ಮೇಲೆ, ಅವರು ಕಣ್ಣು ಮುಚ್ಚಿ, ಕೈ ಎತ್ತಿ, "ಕರ್ತನು ಹೇಳುತ್ತಾನೆ" ಎಂದು ಶುರು ಮಾಡುತ್ತಿದ್ದರು. ಕರ್ತನು ಪುಸ್ತಕದ ಕನ್ನಡ ಆಡುತ್ತಿದ್ದ. ತಡವಾಗಿ ಬರಬೇಡಿರಿ, ಹೆಂಡ ಬಿಡಿರಿ, ಯಜಮಾನರಿಗೆ ಎದುರು ಮಾತಾಡಬೇಡಿರಿ. ಅವ್ವ ತಲೆದೂಗುತ್ತಿದ್ದಳು. ತನ್ನ ಹೊಟ್ಟೆಯೊಳಗಿಂದ ಬಂದ ಮಾತಿಗೆ ಇಷ್ಟು ಜನ ಕಿವಿಗೊಡುತ್ತಾರಲ್ಲ ಎಂಬ ಹೆಮ್ಮೆ ಅವಳಿಗೆ. ಯಜಮಾನರ ಮಾತು ಕರ್ತನ ಬಾಯಲ್ಲಿ ಮತ್ತೆ ಮತ್ತೆ ಯಾಕೆ ಬರುತ್ತದೆ ಎಂದು ನನಗೂ ಆಗ ಹೊಳೆಯಲಿಲ್ಲ.

ಹೊಲಿಗೆ ಬಿದ್ದ ಮರುದಿನ ನನ್ನ ಮಾಮಾ ದಾದಾಸಾಹೇಬ ನಿಪ್ಪಾಣಿಯಿಂದ ಓಡಿ ಬಂದ. ಅವ್ವನ ಅಣ್ಣ, ಬಸ್ ಕಂಡಕ್ಟರ್. ಬೌದ್ಧ ಧರ್ಮಕ್ಕೆ ಹೋದವನು. ಅವನೇ ನಮ್ಮನ್ನು ಠಾಣೆಗೆ ಕರೆದೊಯ್ದ. ಜಾತಿ ನಿಂದನೆ, ಹಲ್ಲೆ, ಎರಡೂ ಕಲಂ ಬಿದ್ದವು. ವಿಕ್ರಾಂತನನ್ನು ಹಿಡಿದು ಒಳಗೆ ಹಾಕಿದರು. ನಮ್ಮ ಓಣಿಯಲ್ಲಿ ಯಾರೂ ನಗಲಿಲ್ಲ. ಮಾಲಕನ ಮಗ ಒಳಗೆ ಹೋದರೆ ನಮ್ಮ ಮನೆಗಳ ಗತಿ ಏನೆಂದು ಎಲ್ಲರಿಗೂ ಗೊತ್ತಿತ್ತು. ಪೊಲೀಸರು ಕೇಳಿದಾಗ ಒಂಬತ್ತೂ ಮಂದಿ, "ನಾವು ಹೊಳ್ಳಿ ನಿಂತಿದ್ದಿವ್ರಿ, ನೋಡಿಲ್ಲ" ಎಂದರು. ಸೋನಾಬಾಯಿ ಮೌಶಿಯೂ ಹಾಗೇ ಅಂದಳು.

ಮೂರು ವಾರಕ್ಕೆ ಅವ್ವನ ಗಾಯ ಮಾಗಿತು. ಆ ಭಾನುವಾರ ಶೆಡ್ಡಿಗೆ ಹೋದೆವು. ಹಾಡಿನ ನಡುವೆ ಅವ್ವನಿಗೆ ಅನ್ಯಭಾಷೆ ಬಂತು. ಈ ಸಲ ನೀರಿನಂತೆ ಹರಿಯಲಿಲ್ಲ. ನಾಲಗೆ ಹೊರಳುತ್ತಿರಲಿಲ್ಲ. ಮುರಿದು ಮುರಿದು, ಎಂಜಲು ಸುರಿಸುತ್ತ, ಎದೆ ಬಡಿದುಕೊಳ್ಳುತ್ತ ಆಡಿದಳು. ಇಡೀ ಶೆಡ್ಡು ಅತ್ತಿತು. ಅದು ಏನೆಂದು ತಿಳಿಯಲು ಯಾವ ವರವೂ ಬೇಕಿರಲಿಲ್ಲ.

ಪಾಸ್ಟರ್ ಎದ್ದರು. ಕಣ್ಣು ಮುಚ್ಚಿ ಕೈ ಎತ್ತಿದರು.

"ಕರ್ತನು ಹೇಳುತ್ತಾನೆ: ಮಗಳೇ, ನಿನ್ನನ್ನು ನೋಯಿಸಿದವನನ್ನು ಕ್ಷಮಿಸು. ತೀರ್ಪು ನನ್ನದು. ನೀನು ಠಾಣೆಯಲ್ಲಿ ಬರೆಸಿದ ಕಾಗದವನ್ನು ಹಿಂದಕ್ಕೆ ತೆಗೆದುಕೋ."

ಜನ "ಆಮೆನ್" ಎಂದರು. ಜೋರಾಗಿ ಎಂದರು. ಎಲ್ಲರ ಮನೆಗಳೂ ಆ ಆಮೆನ್‌ನಲ್ಲಿದ್ದವು.

ಅವ್ವನ ಮುಖ ನೋಡಿದೆ. ಜೇಬಿಗೆ ಯಾರೋ ಕೈ ಹಾಕಿದ್ದು ಗೊತ್ತಾದವರ ಮುಖ ಹಾಗಿರುತ್ತದೆ.

ಮನೆಗೆ ಬರುವ ದಾರಿಯಲ್ಲಿ ಅವ್ವ ನಿಂತುಬಿಟ್ಟಳು. "ನಾ ಅಂದದ್ದ ಅದಲ್ಲ."

"ಮತ್ತೇನ ಅಂದಿ?"

"ಅದು ಗೊತ್ತಿಲ್ಲ. ಅದಲ್ಲ ಅನ್ನೂದು ಗೊತ್ತು."

"ಹಂಗಂತ ಅಲ್ಲೇ ಹೇಳಬೇಕಿತ್ತಲ್ಲ."

"ಹ್ಯಾಂಗ ಹೇಳಲಿ? ಅವರ ಅರ್ಥ ಸುಳ್ಳಂದ್ರ ಆತ್ಮನ್ನ ದೂಷಣಿ ಮಾಡಿದಂಗ. ಆ ಪಾಪಕ್ಕ ಕ್ಷಮಾ ಇಲ್ಲ. ಅವರ ಅರ್ಥ ಖರೇ ಅಂದ್ರ..." ದಾರಿಯ ಪಕ್ಕ ಕೂತುಬಿಟ್ಟಳು.

ಆ ವಾರ ದಿನಾಲೂ ಯಾರಾದರೊಬ್ಬರು ನಮ್ಮ ಬಾಗಿಲಿಗೆ ಬಂದರು. ದೇವರೇ ಹೇಳ್ಯಾನ, ಇನ್ನೇನ ನಿಂದು, ಎಂದರು. ಒಂದು ಸಂಜೆ ಪಾಸ್ಟರೇ ಬಂದರು. ಒಳಗೆ ಬರಲಿಲ್ಲ.

"ತಂಗೀ, ಶೆಡ್ಡು ತಗೀ ಅಂದಾರ ಮಾಲಕ್ರು," ಎಂದರು. "ನಾಲ್ಕು ವರ್ಷದ ಸಭಾ. ನಲವತ್ತು ಮನಿ. ಎಲ್ಲಿಗೆ ಕರಕೊಂಡ ಹೋಗ್ಲಿ ನಾ?" ಅವರೂ ಸಿಕ್ಕಿಬಿದ್ದಿದ್ದರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. ತಮ್ಮ ಹೆದರಿಕೆಯನ್ನು ತಮ್ಮ ಬಾಯಿಂದ ಆಡಬಹುದಿತ್ತು. ಅವ್ವನ ಬಾಯಿ ಯಾಕೆ ಬೇಕಿತ್ತು?

ಅವ್ವ ಕಾಗದ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಗ ಮಾಲಕನ ವಕೀಲ ಇನ್ನೊಂದು ದಾರಿ ಹುಡುಕಿದ. ತುಳಸವ್ವ ಕ್ರಿಶ್ಚನ್ ಆಗಿದ್ದಾಳೆ, ಕ್ರಿಶ್ಚನ್ ಆದವರಿಗೆ ಪರಿಶಿಷ್ಟ ಜಾತಿ ಇಲ್ಲ, ಜಾತಿ ನಿಂದನೆಯ ಕಾಯ್ದೆ ಅವಳಿಗೆ ಹತ್ತುವುದಿಲ್ಲ ಎಂದು ಅರ್ಜಿ ಕೊಟ್ಟ. ಜೊತೆಗೆ ಒಂದು ಮೊಬೈಲ್ ವಿಡಿಯೋ. ಅವ್ವ ಶೆಡ್ಡಿನಲ್ಲಿ ಅನ್ಯಭಾಷೆ ಆಡುತ್ತಿರುವುದು. ಹಾಗೆ ವಿಡಿಯೋ ತೆಗೆಯುವ ಫೋನು ಶೆಡ್ಡಿನಲ್ಲಿ ಒಬ್ಬರ ಹತ್ತಿರವೇ ಇತ್ತು. ಮಿರಜದ ದೊಡ್ಡ ಪಾಸ್ಟರರಿಗೆ ತೋರಿಸಲು ಮುರಗೆಪ್ಪನವರು ಆಗಾಗ ತೆಗೆಯುತ್ತಿದ್ದರು.

ಆ ಅರ್ಜಿಯ ವಿಚಾರಣೆಗೆ ಪೊಲೀಸರ ದೊಡ್ಡ ಸಾಹೇಬರು, ಡಿವೈಎಸ್ಪಿ, ಬರುತ್ತಾರೆಂದು ಗೊತ್ತಾದಾಗ ದಾದಾಸಾಹೇಬ ಮಾಮಾ ರಜೆ ಹಾಕಿ ಬಂದ.

"ತುಳಸಾ, ಏಸಪ್ಪನ ಹೆಸರ ಒಂದ ತಗೀಬ್ಯಾಡ. ಬುದ್ಧನ್ನ ನಂಬತೇನಿ ಅನ್ನು. ಅದಕ್ಕ ಕಾಯ್ದೆ ನಡೀತೈತಿ. ಅದೂ ಆಗೂದಿಲ್ಲಂದ್ರ ಲಕ್ಷ್ಮಿ ಮೈಮ್ಯಾಲ ಬಂದಿದ್ಲು ಅನ್ನು. ಹಿಂದೂ ಅಂತ ಬರಕೋತಾರ. ವಿಡಿಯೋದಾಗ ಏನ ತಿಳೀತೈತಿ ಯಾರಿಗೆ? ದೇವಿ ಬಂದ್ರೂ ಹಂಗ ಒದರತಾರ."

"ದೇವಿ ಬಂದಿರಲಿಲ್ಲಣ್ಣಾ."

"ಗೊತ್ತೈತಿ ನನಗ!" ಮಾಮಾ ಕೂಗಿದ. ಆಮೇಲೆ ಅವಳ ಕಾಲ ಬಳಿ ಕೂತು ಅತ್ತ. "ಅಂವ ಬಿಡುಗಡಿ ಆಗತಾನ. ಒಂದ ಸುಳ್ಳ. ಒಂದ ಹೇಳು. ನಾಲಿಗಿ ಕೊಯ್ದಾನ ನಿಂದು."

ಅವ್ವ ಅವನ ಬೆನ್ನು ಸವರಿದಳು.

ಪಂಚಾಯತಿ ಕಚೇರಿಯಲ್ಲಿ ವಿಚಾರಣೆ. ಕುರ್ಚಿಯ ಮೇಲೆ ಸಾಹೇಬರು, ಬಾಬಾಸಾಹೇಬ, ವಕೀಲ. ಗೋಡೆಗೆ ಒತ್ತಿಕೊಂಡು ನಾವು. ಕಿಟಕಿಯ ತುಂಬ ಊರು. ಸಾಹೇಬರು ಫೋನು ಮೇಜಿನ ಮೇಲಿಟ್ಟು ವಿಡಿಯೋ ಹಚ್ಚಿದರು. ಅವ್ವನ ಪ್ರಾರ್ಥನೆ ಆ ಕಚೇರಿಯಲ್ಲಿ ಕೇಳಿಸಿತು. ಕಿಟಕಿಯಲ್ಲಿ ಯಾರೋ ಅದನ್ನು ಅಣಕಿಸಿದರು. ಜನ ನಕ್ಕರು. ಅವ್ವ ಸೆರಗು ಬಿಗಿಯಾಗಿ ಹೊದ್ದುಕೊಂಡಳು, ಬತ್ತಲೆ ನಿಲ್ಲಿಸಿದವರ ಹಾಗೆ.

"ಇದು ನೀನೇನವಾ?"

"ಹೌದ್ರಿ."

"ಯಾವ ಭಾಷಾ ಇದು?"

"ಗೊತ್ತಿಲ್ರಿ."

"ನೀನ ಆಡಿ, ನಿನಗ ಗೊತ್ತಿಲ್ಲ?"

ಬಾಬಾಸಾಹೇಬ ನಡುವೆ ಬಾಯಿ ಹಾಕಿದ. "ನಮ್ಮ ತೋಟಕ್ಕ ಶಾಪಾ ಹಾಕಾಕತ್ತಾಳ್ರಿ ಸಾಹೇಬ್ರ. ಆ ವಾರಾನ ನಮ್ಮ ಬೋರ್ ಬತ್ತೈತಿ."

"ಶಾಪ ಅಲ್ಲರಿ," ವಕೀಲ ಅವನನ್ನು ತಡೆದ. "ಕ್ರಿಶ್ಚನ್ನರ ಪ್ರಾರ್ಥನಾ. ಆಕೀನ ಕೇಳ್ರಿ."

ಮಾಮಾ ಹಿಂದಿನಿಂದ ಅವ್ವನ ಮೊಣಕೈ ಹಿಂಡಿದ. ದೇವಿ ಅನ್ನು, ದೇವಿ ಅನ್ನು ಎಂದು ಪಿಸುಗುಟ್ಟಿದ. ಎಲ್ಲರ ಹತ್ತಿರವೂ ಒಂದೊಂದು ಅರ್ಥ ಸಿದ್ಧವಾಗಿತ್ತು. ಅವ್ವ ಬಾಯಿ ತೆರೆಯುವುದೊಂದೇ ಬಾಕಿ.

ಅವ್ವ ಸೆರಗು ಬಿಟ್ಟಳು. ಮಾತು ತೊದಲುತ್ತಿತ್ತು. ಗಾಯ ಮಾಗಿದ ಮೇಲೂ ಅವಳಿಗೆ 'ರ' ಸರಿಯಾಗಿ ಬರುತ್ತಿರಲಿಲ್ಲ.

"ಪ್ರಾರ್ಥನಾನ ರೀ. ನಂದು. ಏಸುಗ ಮಾಡಿದ್ದು. ಅದ್ರಾಗ ಏನ ಅಂದೇನಿ ನನಗ ಗೊತ್ತಿಲ್ಲ. ಇಲ್ಲಿ ಕುಂತವರಿಗೆ ಯಾರಿಗೂ ಗೊತ್ತಿಲ್ಲ. ಆದ್ರ ಗೇಟಿನ್ಯಾಗ ಇವರ ಮಗಾ ಏನ ಅಂದ ಎಲ್ಲಾರಿಗೂ ತಿಳದೈತಿ. ಅಂವ ಕನ್ನಡದಾಗ ಅಂದಾನ. ನನ್ನ ಜಾತಿ ಹೆಸರ ಹಿಡದ ಕರದಾನ. ಏಸುನ ಮಗಳ ಅಂತ ಕರದಿಲ್ಲ. ಬಾಯಾಗ ಕತ್ತರಿ ಹಾಕೂಮುಂದ ನೀ ಯಾವ ದೇವರಿಗೆ ಕೈ ಮುಗೀತಿ ಅಂತ ಕೇಳಿಲ್ಲ. ಈಗ್ಯಾಕ ಕೇಳಾಕತ್ತೀರಿ?"

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ಕೆಟ್ಟ ಮನುಷ್ಯನಲ್ಲ. "ಏನ ಮಾಡ್ಲಿ ತಾಯಿ," ಎಂದರು, "ಕಾಯ್ದೆ ಹಂಗೈತಿ." ಆಮೇಲೆ ಬರೆದರು.

ಬರೆದದ್ದನ್ನು ನಾನು ಇಸಿದುಕೊಂಡು ಓದಿದೆ. 'ತಾನು ಕ್ರೈಸ್ತ ಧರ್ಮವನ್ನು ಪಾಲಿಸುತ್ತಿರುವುದಾಗಿ ಸ್ವ ಇಚ್ಛೆಯಿಂದ ಒಪ್ಪಿಕೊಂಡಿರುತ್ತಾಳೆ.' ಅಷ್ಟೇ. ಗೇಟು ಇರಲಿಲ್ಲ. ಕತ್ತರಿ ಇರಲಿಲ್ಲ.

"ಆಕಿ ಹೇಳಿದ್ದ ಇದಷ್ಟ ಅಲ್ರಿ," ಎಂದೆ. "ಉಳದದ್ದೂ ಬರೀರಿ."

"ಅದೆಲ್ಲಾ ಇದಕ್ಕ ಬರೂದಿಲ್ಲ," ಎಂದ ವಕೀಲ.

"ನಿಮ್ಮನ್ನ ಕೇಳಿಲ್ಲ ನಾ."

ಸಾಹೇಬರು ಕಾಗದ ಹಿಂದಕ್ಕೆ ತೆಗೆದುಕೊಂಡರು. ಅವ್ವ ಹೆಬ್ಬೆಟ್ಟು ಒತ್ತಲಿಲ್ಲ. 'ಸಹಿ ಮಾಡಲು ನಿರಾಕರಿಸಿರುತ್ತಾಳೆ' ಎಂದು ಕೆಳಗೆ ಬರೆದುಕೊಂಡು ಹೋದರು.

ಜಾತಿ ನಿಂದನೆಯ ಕಲಂ ಬಿದ್ದುಹೋಯಿತು. ಹಲ್ಲೆಯ ಕಲಂ ಉಳಿಯಿತು. ಜಾಮೀನಾಗಿ ವಿಕ್ರಾಂತ ಹೊರಗೆ ಬಂದ ದಿನ ತೋಟದ ಗೇಟಿನಲ್ಲಿ ಪಟಾಕಿ ಹಾರಿಸಿದರು. ಮಾಮಾ ಆರು ತಿಂಗಳು ನಮ್ಮ ಮನೆಗೆ ಬರಲಿಲ್ಲ. ಸುತ್ತಲ ಯಾವ ತೋಟದಲ್ಲಿಯೂ ನಮಗೆ ಕೂಲಿ ಸಿಗಲಿಲ್ಲ. ಎರಡು ಊರು ದಾಟಿ ನಡೆದುಹೋಗಿ ಕಬ್ಬಿನ ರವದಿ, ಅಂದರೆ ಒಣಗಿದ ಗರಿ, ಸುಲಿದೆವು. ರವದಿಯ ಅಲಗು ಮುಖ ಗೀರುತ್ತದೆ, ಕಣ್ಣಿನ ರೆಪ್ಪೆ ಗೀರುತ್ತದೆ. ಸಂಜೆ ಬಂದು ಮುಖಕ್ಕೆ ನೀರು ಹಾಕಿದರೆ ಉರಿ ನೆತ್ತಿಗೇರುತ್ತಿತ್ತು.

ಇಷ್ಟಾದರೂ ಅವ್ವ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ನನಗೆ ಸಿಟ್ಟು ಬಂತು.

"ಪಾಸ್ಟರೇ ವಿಡಿಯೋ ಕೊಟ್ಟಾರ. ಮತ್ತ ಅಲ್ಲೇ ಹೊಂಟಿ?"

"ಶೆಡ್ಡು ಅವರದಲ್ಲ," ಎಂದಳು ಅವ್ವ. "ಆ ತಗಡ ಹೊತ್ತವಳು ನಾನು."

ಆ ಭಾನುವಾರ ಹಾಡು ಮುಗಿಯುವ ಮೊದಲೇ ಅವ್ವನಿಗೆ ಅನ್ಯಭಾಷೆ ಬಂತು. ಮೊಣಕಾಲೂರಿ, ನೆಲಕ್ಕೆ ಹಣೆ ಹಚ್ಚಿ ಆಡಿದಳು. ಜನ ಕಣ್ಣು ಮುಚ್ಚಲಿಲ್ಲ. ಪಾಸ್ಟರನ್ನು ನೋಡಿದರು. ಪಾಸ್ಟರ್ ಎದ್ದು ಕೈ ಎತ್ತಿದರು. "ಕರ್ತನು ಹೇಳುತ್ತಾನೆ..."

"ಕೂಡ್ರಿ, ಪಾಸ್ಟರ."

ಅವ್ವ ನೆಲದಿಂದ ತಲೆ ಎತ್ತಿದ್ದಳು.

"ಅರ್ಥ ಹೇಳಬ್ಯಾಡ್ರಿ. ನನ್ನ ಮಾತಿಗೆ ನೀವು ಅರ್ಥ ಹೇಳಬ್ಯಾಡ್ರಿ ಇನ್ನ."

"ತಂಗೀ, ಅರ್ಥ ಇಲ್ಲದ ಅನ್ಯಭಾಷೆ ಸಭೆಯೊಳಗ ಆಡಬಾರದು. ನಿಯಮ ಐತಿ."

"ಹಂಗಾದ್ರ ಸಭೆಯೊಳಗ ಆಡೂದಿಲ್ಲ. ನಿಮಗ ಹೇಳಾಕ ಏನೂ ಸಿಗೂದಿಲ್ಲ."

"ನೀ ಆತ್ಮನ ವಿರುದ್ಧ ಮಾತಾಡಾಕತ್ತಿ."

ಅವ್ವ ನಂಬಿದವಳು. ಆ ಪಾಪಕ್ಕೆ ಕ್ಷಮೆ ಇಲ್ಲ ಎಂಬುದನ್ನು ನಂಬಿದವಳು. ನಂಬಿಕೊಂಡೇ ಹೇಳಿದಳು:

"ಆದ್ರ ಆಗ್ಲಿ. ನರಕಕ್ಕ ನಾ ಹೋಗ್ತೇನಿ. ನನ್ನ ಬಾಯಿಗೆ ಮತ್ತೊಬ್ಬರ ಕೈ ಹಾಕಗೊಡೂದಿಲ್ಲ."

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರ್ ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಅವ್ವ ಎದ್ದು, ಸೀರೆಯ ಮಣ್ಣು ಕೊಡವಿ, ಚಾಪೆಯ ಮೇಲೆ ತನ್ನ ಜಾಗಕ್ಕೆ ಹೋಗಿ ಕೂತಳು. ಆರಾಧನೆ ಮುಗಿಯುವವರೆಗೂ ಕೂತಳು. ಮುಂದಿನ ಭಾನುವಾರವೂ ಹೋಗಿ ಹಾಗೇ ಬಾಯಿ ಮುಚ್ಚಿ ಕೂತಳು. ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ.

ಹಲ್ಲೆಯ ಕೇಸು ಅಥಣಿ ಕೋರ್ಟಿನಲ್ಲಿ ಎರಡು ವರ್ಷ ಬರೀ ತಾರೀಖು ತಿಂದಿತು. ಸಾಕ್ಷಿ ಇಲ್ಲದೆ ಬಿದ್ದುಹೋಗುತ್ತದೆ ಎಂದು ನಮ್ಮ ಪರ ಇದ್ದ ಸರಕಾರಿ ವಕೀಲರೇ ಹೇಳಿದ್ದರು. 2015ರ ಮಾರ್ಚಿನಲ್ಲಿ ಸೋನಾಬಾಯಿ ಮೌಶಿಗೆ ಸಮನ್ಸ್ ಬಂತು. ನೋಡಿಲ್ಲ ಎಂದು ಮೊದಲೇ ಬರೆಸಿದವಳು. ಬಾಬಾಸಾಹೇಬ ತನ್ನ ಜೀಪಿನಲ್ಲೇ ಅವಳನ್ನು ಕೋರ್ಟಿಗೆ ಕರೆತಂದ. ಅವಳು ನಮ್ಮ ಕಡೆ ನೋಡಲಿಲ್ಲ. ನಾನೂ ಮುಖ ತಿರುಗಿಸಿದೆ.

ಕಟಕಟೆಯಲ್ಲಿ ನಿಂತವಳಿಗೆ ಗುಮಾಸ್ತ ಹೆಸರು, ವಯಸ್ಸು, ಊರು ಕೇಳಿದ. ಸರಕಾರಿ ವಕೀಲರು ಕೇಳಿದರು: "ಆ ದಿನ ಗೇಟಿನ್ಯಾಗ ಏನ ನೋಡಿದಿ?"

ಮೌಶಿ ಕಟಕಟೆಯ ಕಟ್ಟಿಗೆ ಹಿಡಿದಳು.

"ಮಾಲಕರ ಮಗಾ ಟಾವೆಲ್ಲಿಲೇ ತುಳಸಾನ ನಾಲಿಗಿ ಹಿಡದ ಜಗ್ಗಿದ ರೀ," ಎಂದಳು. "ಕತ್ತರಿ ಹಾಕಿದ. ನಾ ಒಂದ ಮಾರ ದೂರ ಇದ್ನಿ. ನನ್ನ ಸೀರಿ ಮ್ಯಾಲ ರಗತಾ ಬಿದ್ದಿತ್ತು. ಒಗದೇನಿ. ಮೊದಲ ನೋಡಿಲ್ಲ ಅಂತ ಹೇಳಿದ್ದು ಸುಳ್ಳು. ಮನಿ ಹೋಗತೈತಿ ಅಂತ ಹೇಳಿದ್ದು."

ಬಾಬಾಸಾಹೇಬನ ವಕೀಲ ಅವಳನ್ನು ಒಂದು ತಾಸು ಹಿಂಡಿದ. ಎಷ್ಟು ದುಡ್ಡು ತಗೊಂಡಿ ಎಂದ. ನೀನೂ ಆ ಶೆಡ್ಡಿನವಳೇ ಅಲ್ಲವೇನು ಎಂದ. ಮೌಶಿ ಹೌದ್ರಿ ಎಂದಳು. ನೋಡಿದ್ದನ್ನು ಮಾತ್ರ ಬದಲಿಸಲಿಲ್ಲ. ಅವ್ವ ಹಿಂದಿನ ಬೆಂಚಿನ ಮೇಲೆ ನನ್ನ ಕೈ ಹಿಡಿದುಕೊಂಡಿದ್ದಳು. ಬೆರಳು ಮುರಿಯುವಷ್ಟು ಬಿಗಿಯಾಗಿ.

ಜೀಪು ಮೌಶಿಯನ್ನು ಬಿಟ್ಟು ಹೋಗಿತ್ತು. ನಮ್ಮ ಜೊತೆ ಬಸ್ಸಿನಲ್ಲಿ ಬಂದಳು. ಊರು ಮುಟ್ಟುವಷ್ಟರಲ್ಲಿ ಅವಳ ಮನೆಯ ತಗಡು ಕಿತ್ತು ಹೊರಗೆ ಹಾಕಿದ್ದರು. ನಮ್ಮದನ್ನೂ. ಪಾತ್ರೆಗಳು ಚರಂಡಿಯಲ್ಲಿದ್ದವು. ಓಣಿಯವರು ಬಾಗಿಲು ಹಾಕಿಕೊಂಡಿದ್ದರು. ನಮಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಆ ಬಾಗಿಲ ಹಿಂದೆ ನಾವೂ ಎಷ್ಟೋ ವರ್ಷ ನಿಂತವರು.

ಈಗ ಅಥಣಿಯಲ್ಲಿ ಒಂದು ಕೋಣೆಯಲ್ಲಿ ಮೂವರೂ ಇದ್ದೇವೆ. ಅವ್ವ ಮತ್ತು ಮೌಶಿ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಾರೆ. ಹತ್ತು ತಾಸು ಕುಕ್ಕರುಗಾಲಲ್ಲಿ. ನಾನು ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದೇನೆ. ಮೌಶಿಯ ಕಾಲು ಬಾತಿವೆ. ವಿಕ್ರಾಂತನ ಮದುವೆ ಆಗಿದೆ. ಕೇಸು ಮುಗಿದಿಲ್ಲ. ನ್ಯಾಯಾಧೀಶರು ಬದಲಾದರು, ಎದುರು ವಕೀಲರು ಮೌಶಿಯನ್ನು ಮತ್ತೊಮ್ಮೆ ಕಟಕಟೆಗೆ ಕರೆಸಬೇಕೆಂದು ಅರ್ಜಿ ಹಾಕಿದ್ದಾರೆ. ಸೋಲುತ್ತೇವೆ ಎಂದು ಜೆರಾಕ್ಸ್ ಅಂಗಡಿಗೆ ಬರುವ ವಕೀಲರೆಲ್ಲ ಹೇಳುತ್ತಾರೆ. ಇರಬಹುದು.

ಮುಂದಿನ ತಾರೀಖು ಆಗಸ್ಟ್ ಹನ್ನೊಂದು, ಗುರುವಾರ. ಆ ದಿನದ ಕೂಲಿ ಹೋಗುತ್ತದೆ. ಮೂವರೂ ಹೋಗುತ್ತೇವೆ.